‘ಐ ಥಿಂಕ್’ ಪಾಪ ಯಾರಿಗೇನು ಮಾಡಿತ್ತು?

ಬೆಳಗ್ಗೆಯಿಂದ ಒಂದೇ ಪೋಸ್ಟರ್ ಕಂಡ ಕಂಡ ಗ್ರೂಪಿನಲ್ಲೆಲ್ಲ ಓಡಾಡುತ್ತಿದೆ. ನೀಲಿ ಹಿನ್ನೆಲೆ, ದಪ್ಪ ಹಳದಿ ಅಕ್ಷರ. ‘ಐ ಥಿಂಕ್ ಅನ್ನುವುದನ್ನು ಇವತ್ತೇ ನಿಲ್ಲಿಸಿ! ಬದಲಿಗೆ ಇವನ್ನು ಬಳಸಿ.’ ಕೆಳಗೆ ಸಾಲಾಗಿ ಐ ರೆಕನ್, ಐ ಪ್ರಿಸ್ಯೂಮ್, ಐ ಎಂಟರ್‌ಟೇನ್ ದಿ ಐಡಿಯಾ, ಐ ಹಾರ್ಬರ್ ದಿ ಥಾಟ್, ಐ ಆಮ್ ಟಾಯಿಂಗ್ ವಿತ್ ದಿ ಐಡಿಯಾ. ಒಂದಕ್ಕೂ ಅರ್ಥ ಇಲ್ಲ, ಉದಾಹರಣೆ ಇಲ್ಲ. ಕೊನೆಯಲ್ಲಿ ‘ಸೇವ್ ಮಾಡಿಕೊಳ್ಳಿ, ಸ್ಮಾರ್ಟ್ ಆಗಿ ಮಾತಾಡಿ’ ಅಂತ ಒಂದು ಬೋಧನೆ. ಅದರ ಕೆಳಗೆ ‘ಸೂಪರ್ ಸರ್’, ‘ಥ್ಯಾಂಕ್ಯೂ ಸರ್’, ಕೈ ಮುಗಿದ ಎಮೋಜಿಗಳ ಮೆರವಣಿಗೆ.

ನನಗೆ ಮೈ ಉರಿಯಿತು. ಯಾಕೆ ಅಂತ ನಿಮಗೆ ಗೊತ್ತು. ಬೇರೆಯವರು ಬರೆದ ಇಂಗ್ಲಿಷ್ ತಿದ್ದಿ ಹೊಟ್ಟೆ ಹೊರೆಯುವ ಜೀವ ಇದು. ಇಂಥ ಪೋಸ್ಟರ್ ಇವತ್ತು ಹೊರಟರೆ ಸ್ವಲ್ಪ ದಿನಕ್ಕೆ ನನ್ನ ಮೇಜಿಗೆ ಬಂದು ಬೀಳುತ್ತದೆ. ಕೆಲಸಕ್ಕೆ ಹಾಕುವ ಅರ್ಜಿಯಲ್ಲಿ, ಪರೀಕ್ಷೆಯ ಪ್ರಬಂಧದಲ್ಲಿ, ಭಾಷಣದ ಪ್ರತಿಯಲ್ಲಿ. ‘ಐ ಆಮ್ ಹಾರ್ಬರಿಂಗ್ ದಿ ಥಾಟ್ ಆಫ್ ಜಾಯಿನಿಂಗ್ ಯುವರ್ ಕಂಪನಿ’ ಅಂತ ಒಂದು ಅರ್ಜಿ ಶುರುವಾಗಿತ್ತು. ವ್ಯಾಕರಣದಲ್ಲಿ ತಪ್ಪಿಲ್ಲ. ಸ್ಪೆಲ್ಲಿಂಗ್ ಕೂಡ ಸರಿ. ಆದರೆ ಓದಿದವರಿಗೆ ಈ ಮನುಷ್ಯ ಕೆಲಸ ಕೇಳಲು ಬಂದಿದ್ದಾನೋ, ಒಳಗೆ ಸೇರಿಕೊಂಡು ಕಂಪನಿ ಮುಳುಗಿಸಲು ಬಂದಿದ್ದಾನೋ ಅಂತ ಅನುಮಾನ ಬಂದೇ ಬರುತ್ತದೆ.

ಹಾರ್ಬರ್ ಅನ್ನುವ ಕ್ರಿಯಾಪದದ ಜೊತೆ ಯಾರ್‍ಯಾರು ಬರುತ್ತಾರೆ ಅಂತ ಸುಮ್ನೆ ನೋಡಿ. ಗ್ರಜ್ ಬರುತ್ತದೆ, ಅಂದರೆ ಹಗೆ. ಸಸ್ಪಿಷನ್ ಬರುತ್ತದೆ, ಡೌಟ್ ಬರುತ್ತದೆ, ಸೇಡಿನ ಯೋಚನೆ ಬರುತ್ತದೆ. ತಲೆ ತಪ್ಪಿಸಿಕೊಂಡ ಅಪರಾಧಿಗೆ ಮನೆಯಲ್ಲಿ ಜಾಗ ಕೊಡುವುದಕ್ಕೂ ಇದೇ ಪದ. ಆಂಬಿಷನ್ ಜೊತೆಗೂ ಬರುತ್ತದೆ, ನಿಜ. ಅದೂ ಬಾಯಿಬಿಟ್ಟು ಹೇಳದೆ ಒಳಗೇ ಇಟ್ಟುಕೊಂಡ ಆಸೆ. ಯಾರಿಗೂ ತೋರಿಸದೆ ಒಳಗೊಳಗೇ ಸಾಕಿಕೊಳ್ಳುವುದು ಅನ್ನುವ ವಾಸನೆ ಆ ಪದಕ್ಕೆ ಅಂಟಿಕೊಂಡಿದೆ. ಪೋಸ್ಟರಿನವರಿಗೆ ಆ ವಾಸನೆ ಹತ್ತಿಲ್ಲ, ಅಷ್ಟೆ.

‘ಟಾಯಿಂಗ್ ವಿತ್ ದಿ ಐಡಿಯಾ’ ಇನ್ನೂ ಚೆನ್ನಾಗಿದೆ. ಮಾಡುತ್ತೇನೆ ಅಂತಲೂ ಇಲ್ಲ, ಬಿಟ್ಟಿದ್ದೇನೆ ಅಂತಲೂ ಇಲ್ಲ. ಮನಸ್ಸಿನಲ್ಲೇ ಹೀಗೆ ಹಾಗೆ ಹೊರಳಾಡಿಸಿ ನೋಡುತ್ತಿದ್ದೇನೆ, ಸೀರಿಯಸ್ ಆಗಿ ತಗೋಬೇಡಿ ಅಂತ ಅರ್ಥ. ಪೋಸ್ಟರ್ ನಂಬಿಕೊಂಡು ಒಬ್ಬ ಹುಡುಗ ತಾನು ಮೆಚ್ಚಿದ ಹುಡುಗಿಗೆ ‘ಐ ಆಮ್ ಟಾಯಿಂಗ್ ವಿತ್ ದಿ ಐಡಿಯಾ ಆಫ್ ಮ್ಯಾರಿಯಿಂಗ್ ಯು’ ಅಂದ ಅಂದುಕೊಳ್ಳಿ. ಅವಳು ಇಂಗ್ಲಿಷ್ ಬಲ್ಲವಳಾದರೆ ಕಥೆ ಅಲ್ಲಿಗೇ ಮುಗಿಯಿತು.

ಎಂಟರ್‌ಟೇನ್ ಅಂದರೆ ಒಂದು ಯೋಚನೆಗೆ ಒಳಗೆ ಬಂದು ಕೂರಲು ಜಾಗ ಕೊಡುವುದು. ಆದರೆ ಜಾಗ ಕೊಡಲಿಲ್ಲ ಅನ್ನುವಾಗಲೇ ಅದು ಜಾಸ್ತಿ ಕೆಲಸಕ್ಕೆ ಬರುತ್ತದೆ. ‘ಶಿ ರೆಫ್ಯೂಸ್ಡ್ ಟು ಎಂಟರ್‌ಟೇನ್ ದಿ ಐಡಿಯಾ’ ಅಂದರೆ ಆ ಮಾತನ್ನು ಹತ್ತಿರಕ್ಕೇ ಸೇರಿಸಲಿಲ್ಲ ಅಂತ. ಪ್ರಿಸ್ಯೂಮ್ ಅಂದರೆ ಖಚಿತ ಮಾಡಿಕೊಳ್ಳದೆಯೇ ಹೀಗಿರಬೇಕು ಅಂದುಕೊಂಡು ಮುಂದೆ ಹೋಗುವುದು. ರೆಕನ್ ಅಂದರೂ ಅನ್ನಿಸುತ್ತದೆ ಅಂತಲೇ, ಆದರೆ ಮಾತಿನಲ್ಲಿ ಹಾಯಾಗಿ ಬರುವ ಪದ, ಬ್ರಿಟನ್ನಿನವರೂ ಆಸ್ಟ್ರೇಲಿಯಾದವರೂ ಬೇಕಾದಷ್ಟು ಬಳಸುತ್ತಾರೆ. ಅದನ್ನು ತಂದು ಅರ್ಜಿಯಲ್ಲಿ ಹಾಕಿದರೆ ಅರ್ಜಿ ಹೆಗಲ ಮೇಲೆ ಕೈ ಹಾಕಿದಂತೆ ಇರುತ್ತದೆ.

ನನ್ನ ತಕರಾರು ಇಷ್ಟೇ. ಇವು ಒಂದರ ಬದಲು ಇನ್ನೊಂದು ಇಡುವ ಪದಗಳಲ್ಲ. ಯೋಚನೆ ಈಗ ಯಾವ ಸ್ಥಿತಿಯಲ್ಲಿದೆ, ಅದನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದೀರಿ, ಯಾರಿಗೆ ತೋರಿಸಿದ್ದೀರಿ, ಯಾರಿಂದ ಮುಚ್ಚಿಟ್ಟಿದ್ದೀರಿ ಅನ್ನುವುದನ್ನು ಪಕ್ಕದ ಕ್ರಿಯಾಪದ ಹೇಳುತ್ತದೆ. ಒಂದು ಐಡಿಯಾವನ್ನು ‘ಫ್ಲೋಟ್’ ಮಾಡಿದರು ಅಂದರೆ ಒಂದು ಮಾತು ಬಿಟ್ಟು ನೋಡಿದರು ಅಂತ. ಜನ ಹೌದೆಂದರೆ ನನ್ನದು, ಉಗಿದರೆ ನಾನು ಹಾಗೆ ಹೇಳಲೇ ಇಲ್ಲ. ‘ಪಿಚ್’ ಮಾಡಿದರು ಅಂದರೆ ಒಪ್ಪಿಸಲು ಸಿದ್ಧವಾಗಿ ಬಂದಿದ್ದಾರೆ, ಎದುರಿಗೆ ಹೌದು ಅಲ್ಲ ಹೇಳುವವರು ಕೂತಿದ್ದಾರೆ. ‘ಬೌನ್ಸ್’ ಮಾಡುವುದು ನಂಬಿಕೆ ಇರುವವರ ಹತ್ತಿರ. ನನ್ನ ತಲೆಯಲ್ಲಿ ಹೀಗಿದೆ, ನಿನಗೇನನ್ನಿಸುತ್ತದೆ ಹೇಳು ಮಾರಾಯ ಅಂತ.

ಕನ್ನಡದಲ್ಲಿ ಇದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅಲ್ವಾ? ಯೋಚನೆ ಮಾಡಿದ ಬೇರೆ, ಯೋಚನೆಗೆ ಬಿದ್ದ ಬೇರೆ. ಉಪಾಯ ಹೊಳೆಯುತ್ತದೆ, ಅನುಮಾನ ಹೊಳೆಯುವುದಿಲ್ಲ. ಸಂಚನ್ನು ಹೂಡುತ್ತಾರೆ, ಕನಸನ್ನು ಕಾಣುತ್ತಾರೆ, ಆಸೆ ಪಡುತ್ತಾರೆ. ಯಾರಾದರೂ ಬಂದು ‘ಅನ್ನಿಸುತ್ತದೆ ಅನ್ನುವುದು ಹಳೆಯದಾಯಿತು, ಇನ್ನು ಮುಂದೆ ನಾನು ಸಂಚು ಹೂಡಿದ್ದೇನೆ ಅನ್ನಿ’ ಅಂತ ಪೋಸ್ಟರ್ ಮಾಡಿದರೆ ನಾವು ಬಿದ್ದು ಬಿದ್ದು ನಗುತ್ತೇವೆ. ಇಂಗ್ಲಿಷಿನಲ್ಲಿ ಅದನ್ನೇ ಮಾಡಿದರೆ ಕೈ ಮುಗಿಯುತ್ತೇವೆ.

ಇದು ನಾನು ಕಂಡುಹಿಡಿದ ವಿಷಯವಲ್ಲ. ಬ್ರಿಟಿಷ್ ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1957ರಲ್ಲೇ ಹೇಳಿದ್ದ ಮಾತು, ಪದ ಎಂಥದ್ದು ಅಂತ ತಿಳಿಯಬೇಕಾದರೆ ಅದರ ಸಹವಾಸ ನೋಡಬೇಕು ಅಂತ. ಅವನ ಶಿಷ್ಯ ಹ್ಯಾಲಿಡೇ 1966ರಲ್ಲಿ ಕೊಟ್ಟ ಉದಾಹರಣೆ ಈಗಲೂ ಪಾಠಗಳಲ್ಲಿ ಓಡಾಡುತ್ತಿದೆ. ಆರ್ಗ್ಯುಮೆಂಟ್ ಸ್ಟ್ರಾಂಗ್ ಕೂಡ ಆಗಬಹುದು, ಪವರ್‌ಫುಲ್ ಕೂಡ ಆಗಬಹುದು. ಟೀ ಮಾತ್ರ ಸ್ಟ್ರಾಂಗ್, ಕಾರು ಮಾತ್ರ ಪವರ್‌ಫುಲ್. ಯಾಕೆ ಅಂದರೆ ಉತ್ತರ ಇಲ್ಲ. ಹಾಗೆ ಹೇಳುತ್ತಾರೆ, ಅಷ್ಟೆ. ಇಂಥ ಜೋಡಿಗಳಿಗೆ ಕಾಲೊಕೇಷನ್ ಅನ್ನುತ್ತಾರೆ. ಪೋಸ್ಟರಿನ ತಲೆಯ ಮೇಲೂ ಅದೇ ಪದ ರಾರಾಜಿಸುತ್ತಿತ್ತು. ಕೆಳಗಿರುವುದು ಪೂರ್ತಿ ಅದಕ್ಕೆ ವಿರುದ್ಧ. ಸಹವಾಸ ನೋಡಿ ಅನ್ನುವ ವಿಷಯದ ಹೆಸರಿನಲ್ಲಿ ಪದಗಳನ್ನು ಸಹವಾಸದಿಂದ ಕಿತ್ತು ತಂದು ಸಾಲಾಗಿ ನಿಲ್ಲಿಸಿದ್ದಾರೆ.

ಬರೀ ‘ಐಡಿಯಾ’ ಅನ್ನುವ ಒಂದೇ ಪದ ತಗೊಳ್ಳಿ. ಒಂದೇ ಇದ್ದಾಗ ಅದು ಸಾಧು. ‘ಗೆಟ್ ದಿ ಐಡಿಯಾ’ ಅಂದರೆ ವಿಷಯ ಅರ್ಥವಾಯಿತು ಅಂತ. ಬಹುವಚನ ಮಾಡಿ ನೋಡಿ. ‘ಡೋಂಟ್ ಗೆಟ್ ಎನಿ ಐಡಿಯಾಸ್’ ಅಂದರೆ ತಲೆಯಲ್ಲಿ ಇಲ್ಲದ್ದೆಲ್ಲ ತುಂಬಿಕೊಳ್ಳಬೇಡ, ಅತಿ ಆಸೆ ಬೇಡ ಅನ್ನುವ ಎಚ್ಚರಿಕೆ. ‘ಇಟ್ ವಿಲ್ ಗಿವ್ ಯು ಆನ್ ಐಡಿಯಾ’ ಅಂದರೆ ನಿಮಗೊಂದು ಅಂದಾಜು ಸಿಗುತ್ತದೆ ಅಂತ. ‘ಡೋಂಟ್ ಗಿವ್ ಹಿಮ್ ಐಡಿಯಾಸ್’ ಅಂದರೆ ಅವನ ತಲೆಗೆ ಇಲ್ಲದ ಹುಳ ಬಿಡಬೇಡ ಅಂತ. ‘ಬ್ರೈಟ್ ಐಡಿಯಾ’ ಹೊಗಳಿಕೆ ಅಂದುಕೊಂಡು ಖುಷಿಪಡುವ ಮೊದಲು ಹೇಳಿದವರ ಮುಖ ನೋಡಿ. ‘ಹೂಸ್ ಬ್ರೈಟ್ ಐಡಿಯಾ ವಾಸ್ ದಿಸ್?’ ಅಂತ ಕೇಳಿದರೆ ಯಾವ ಮಹಾನುಭಾವನ ತಲೆ ಓಡಿದ್ದು ಇಲ್ಲಿ ಅಂತ ಹುಡುಕುತ್ತಿದ್ದಾರೆ ಅಂತ ಅರ್ಥ. ಕೈ ಎತ್ತಬೇಡಿ. ‘ವಾಟ್ಸ್ ದಿ ಬಿಗ್ ಐಡಿಯಾ?’ ಕೂಡ ಪ್ರಶ್ನೆಯಲ್ಲ, ಜಗಳದ ಮೊದಲ ಸಾಲು. ‘ಹಿಟ್ ಆನ್’ ಮುಂದೆ ಐಡಿಯಾ ಬಂದರೆ ಉಪಾಯ ಹೊಳೆಯಿತು ಅಂತ, ಒಬ್ಬ ವ್ಯಕ್ತಿ ಬಂದರೆ ಲೈನ್ ಹೊಡೆದರು ಅಂತ! ಇದೆಲ್ಲ ಬಿಟ್ಟು ‘ಐಡಿಯಾದ ಜೊತೆ ಬರುವ ಪದಗಳು: ಗೆಟ್, ಗಿವ್, ಹಿಟ್ ಆನ್, ಬ್ರೈಟ್, ಬಿಗ್’ ಅಂತ ಬರೆದು ಕೈ ತೊಳೆದುಕೊಂಡರೆ ಕಲಿತವನಿಗೆ ಉಪಕಾರವೋ ಅಪಕಾರವೋ?

ಥಾಟ್ ಕೂಡ ಕಡಿಮೆ ಅಲ್ಲ. ‘ವಿದೌಟ್ ಎ ಸೆಕೆಂಡ್ ಥಾಟ್’ ಅಂದರೆ ಹಿಂದೆಮುಂದೆ ನೋಡದೆ. ‘ಹ್ಯಾವಿಂಗ್ ಸೆಕೆಂಡ್ ಥಾಟ್ಸ್’ ಅಂದರೆ ಒಪ್ಪಿಕೊಂಡ ಮೇಲೆ ಮನಸ್ಸು ಡೋಲಾಯಮಾನ. ಮತ್ತೆ ಯೋಚಿಸಿ ನೋಡಿದರೆ ಅನ್ನುವುದಕ್ಕೆ ಬ್ರಿಟನ್ನಿನವರು ‘ಆನ್ ಸೆಕೆಂಡ್ ಥಾಟ್ಸ್’ ಅಂತ ಬಹುವಚನ ಹಾಕುತ್ತಾರೆ, ಅಮೆರಿಕದವರು ‘ಆನ್ ಸೆಕೆಂಡ್ ಥಾಟ್’ ಅಂತ ಒಂದಕ್ಕೇ ತೃಪ್ತರು.

ನಿಮಗೆ ಹೇಳಿಕೊಂಡರೆ ನಾಚಿಕೆಯೇನಿಲ್ಲ, ನನಗೆ ಈ ಜೋಡಿಗಳ ಮೇಲೆ ಹುಚ್ಚು ಪ್ರೀತಿ. ನಿದ್ದೆ ಬರದಿದ್ದರೆ ಕಾಲೊಕೇಷನ್ ಡಿಕ್ಷನರಿ ತೆಗೆದುಕೊಂಡು ಕೂರುವ ವಿಚಿತ್ರ ಪ್ರಾಣಿ ನಾನು. ಮನೆಯವರು ಇದರ ಬಗ್ಗೆ ಮಾತಾಡುವುದನ್ನೇ ಬಿಟ್ಟಿದ್ದಾರೆ. ‘ಟ್ರೈನ್ ಆಫ್ ಥಾಟ್’ ಅಂದಾಗ ತಲೆಯೊಳಗೆ ರೈಲು ಓಡುವುದನ್ನು ಕಲ್ಪಿಸಿಕೊಳ್ಳುವವರು ಬಹಳ ಜನ. ಆದರೆ ಇಂಗ್ಲಿಷ್ ತತ್ವಜ್ಞಾನಿ ಥಾಮಸ್ ಹಾಬ್ಸ್ 1651ರಲ್ಲೇ ಯೋಚನೆಗಳ ಟ್ರೈನ್ ಬಗ್ಗೆ ಬರೆದಿದ್ದ. ಆಗ ರೈಲೆಲ್ಲಿತ್ತು? ಒಂದರ ಹಿಂದೆ ಒಂದು ಎಳೆದುಕೊಂಡು ಬರುವ ಸಾಲಿಗೆ ಟ್ರೈನ್ ಅನ್ನುತ್ತಿದ್ದರು, ರೈಲಿಗೆ ಆ ಹೆಸರು ಬಂದದ್ದು ಎಷ್ಟೋ ಆಮೇಲೆ. ಇದು ಗೊತ್ತಾದ ದಿನ ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳಿ ತಲೆ ತಿಂದಿದ್ದೆ. ಅಷ್ಟು ಚಂದದ ವಸ್ತುವನ್ನು ಸಂತೆಗೆ ತಂದು ಗುಡ್ಡೆ ಹಾಕಿದರೆ ಸಿಟ್ಟು ಬರುವುದಿಲ್ಲವೇ?

ಇನ್ನು ‘ಐ ಥಿಂಕ್’ ವಿಷಯ. ಅದನ್ನು ಯಾಕೆ ಓಡಿಸಬೇಕು? ಇಂಗ್ಲಿಷ್ ಮಾತೃಭಾಷೆಯವರು ದಿನವಿಡೀ ಅದನ್ನೇ ಹೇಳಿಕೊಂಡು ಓಡಾಡುತ್ತಾರೆ. ಮಾತು ಮೆತ್ತಗಾಗುವುದೇ ಅದರಿಂದ. ‘ಯು ಆರ್ ರಾಂಗ್’ ಅಂದರೆ ಕೆನ್ನೆಗೆ ಹೊಡೆದ ಹಾಗೆ. ಮುಂದೆ ‘ಐ ಥಿಂಕ್’ ಹಾಕಿದರೆ ಎದುರಿನವರಿಗೆ ಉಸಿರಾಡಲು ಜಾಗ ಸಿಗುತ್ತದೆ. ಕಲಿಸಬೇಕಾದದ್ದು ಬೇಕಾದಷ್ಟಿದೆ. ಅವನು ಬರುವುದಿಲ್ಲ ಅನ್ನಿಸುತ್ತದೆ ಅಂತ ನಾವು ಹೇಳುತ್ತೇವೆ, ‘ಇಲ್ಲ’ ಬರುವುದಕ್ಕೆ ಅಂಟಿಕೊಂಡಿರುತ್ತದೆ. ಇಂಗ್ಲಿಷಿನಲ್ಲಿ ಅದು ಸಾಮಾನ್ಯವಾಗಿ ಥಿಂಕ್ ಹತ್ತಿರಕ್ಕೆ ಹೋಗಿ ‘ಐ ಡೋಂಟ್ ಥಿಂಕ್ ಹಿ ವಿಲ್ ಕಮ್’ ಆಗುತ್ತದೆ. ನನ್ನ ಪ್ರಕಾರ ಅನ್ನುವುದಕ್ಕೆ ನಾವು ಧಾರಾಳವಾಗಿ ‘ಅಕಾರ್ಡಿಂಗ್ ಟು ಮಿ’ ಬಳಸುತ್ತೇವೆ. ಅದು ಬೇರೆಯವರ ಮಾತನ್ನು ಹೇಳುವಾಗ ಬರುವಂಥದ್ದು, ತನ್ನದಕ್ಕೆ ‘ಇನ್ ಮೈ ಒಪಿನಿಯನ್’. ಇಂಥ ಉಪಯೋಗದ ಸಂಗತಿ ಒಂದಾದರೂ ಆ ಪೋಸ್ಟರಿನಲ್ಲಿ ಇತ್ತೇ? ಅದು ಬೋರು. ಹಾರ್ಬರ್ ಅಂದರೆ ಲೈಕ್ ಬರುತ್ತದೆ.

ಗೆಳೆಯರೊಬ್ಬರು ಮಧ್ಯಾಹ್ನವೇ ಫೋನ್ ಮಾಡಿ ಸಮಾಧಾನ ಮಾಡಿದರು. ಬಿಡು ಮಾರಾಯ, ಕಲಿಯುವವರಿಗೆ ಏನೋ ಒಂದು ಸಿಗಲಿ, ಇಂಗ್ಲಿಷ್ ಈಗ ಎಲ್ಲರದ್ದೂ, ಹೇಗೆ ಹೇಳಿದರೂ ಅರ್ಥವಾದರೆ ಸಾಕು ಅಂದರು. ಒಪ್ಪಿದೆ. ಅರ್ಥವಾದರೆ ಸಾಕು. ಆದರೆ ಹೇಳಿದವನ ಮನಸ್ಸಿನಲ್ಲಿ ಇರುವುದೊಂದು, ಕೇಳಿದವನಿಗೆ ಅರ್ಥವಾಗುವುದು ಇನ್ನೊಂದು ಅನ್ನುವುದೇ ನನ್ನ ಗೋಳು! ‘ಐ ಥಿಂಕ್’ ಅಂದಿದ್ದರೆ ನೆಟ್ಟಗೆ ಅರ್ಥವಾಗುತ್ತಿತ್ತು. ಅದನ್ನು ಬಿಡಿಸಿ, ನಾಚಿಕೆ ಪಡಿಸಿ, ಕೈಗೆ ಹಾರ್ಬರ್ ಕೊಟ್ಟವರು ಯಾರು? ಇಂಗ್ಲಿಷ್ ಬಾರದವರನ್ನು ನಾನು ಹಂಗಿಸುತ್ತಿಲ್ಲ. ಬರುವ ಇಂಗ್ಲಿಷನ್ನೂ ಕೆಡಿಸುವವರ ಬಗ್ಗೆ ಹೇಳುತ್ತಿದ್ದೇನೆ. ಇಷ್ಟು ಹೇಳುವ ಹೊತ್ತಿಗೆ ಅವರು ‘ಬೇರೆ ಕಾಲ್ ಬರುತ್ತಿದೆ’ ಅಂತ ಇಟ್ಟರು. ಕಾಲ್ ಬಂದಿರಲಿಲ್ಲ ಅಂತ ನನಗೆ ಗೊತ್ತು.

ಪೋಸ್ಟರಿನ ಪಟ್ಟಿಯ ಕೊನೆಯ ಸಾಲು ಹೇಳಲು ಮರೆತಿದ್ದೆ. ‘ಇನ್ನೂ ಚೆನ್ನಾಗಿ ಯೋಚಿಸಿದೆ ಅನ್ನಲು: ಐ ಥಾಟ್ ಬೆಟರ್ ಆಫ್ ಇಟ್.’ ಇಡೀ ಪೋಸ್ಟರಿನಲ್ಲಿ ಅರ್ಥ ಕೊಟ್ಟಿದ್ದು ಇದೊಂದಕ್ಕೆ, ಅದೂ ತಪ್ಪು. ಹಾಗಂದರೆ ಮಾಡಬೇಕು ಅಂದುಕೊಂಡಿದ್ದನ್ನು ಬೇಡವೆಂದು ಕೈಬಿಟ್ಟೆ ಅಂತ. ನಿಮ್ಮ ಪ್ರಸ್ತಾಪದ ಬಗ್ಗೆ ಚೆನ್ನಾಗಿ ಯೋಚಿಸಿದ್ದೇನೆ, ಒಪ್ಪಿಗೆ ಇದೆ ಅಂತ ತಿಳಿಸಲು ಯಾರಾದರೂ ಇದನ್ನು ಬರೆದು ಕಳಿಸಿದರೆ ಆ ಕಡೆಯವರು ಪಾಪ ಬೇರೆಯವರನ್ನು ಹುಡುಕಿಕೊಳ್ಳುತ್ತಾರೆ. ಪೋಸ್ಟರ್ ಹಾಕಿದವರ ಪುಟಕ್ಕೆ ಹೋಗಿ ಮರ್ಯಾದೆಯಿಂದಲೇ ಇದನ್ನು ಬರೆದೆ. ಉತ್ತರವಾಗಿ ಒಂದು ಥಂಬ್ಸ್‌ಅಪ್ ಬಂದಿದೆ. ಪೋಸ್ಟರ್ ಇನ್ನೂ ಹಾಗೇ ಇದೆ.