ಮಾಡು ಹತ್ತುವ ಹುಡುಗನಿಗೆ ಕಲಿಸುವವರು ಯಾರು?

ಮನೆ ಸೋಲಾರಿಗೆ ಸಬ್ಸಿಡಿ ಎಷ್ಟೆಂದು ಉಡುಪಿಯಲ್ಲಿ ಯಾರನ್ನು ಕೇಳಿದರೂ ಥಟ್ಟನೆ ಹೇಳುತ್ತಾರೆ: 3 ಕಿಲೋವ್ಯಾಟಿಗೆ 78,000 ರೂಪಾಯಿ. ಆ ಪ್ಯಾನೆಲನ್ನು ಮಾಡಿನ, ಅಂದರೆ ಛಾವಣಿಯ, ಮೇಲೆ ಕೂರಿಸುವ ಹುಡುಗ ಎಲ್ಲಿ ಕಲಿತ, ಕಲಿಯುವಾಗ ಅವನ ಖರ್ಚು ಯಾರು ನೋಡಿಕೊಂಡರು ಎಂದು ಕೇಳಿದರೆ ಯಾರ ಹತ್ತಿರವೂ ಉತ್ತರ ಇಲ್ಲ. ಜರ್ಮನಿಯ ಫ್ರೈಬುರ್ಗಿನಲ್ಲಿ ಕೂತ ನನ್ನ ತಲೆ ತಿನ್ನುವುದು ಆ ಎರಡನೇ ಪ್ರಶ್ನೆಯೇ.

ಈ ಊರು ಸೋಲಾರಿಗೆ ಹೆಸರುವಾಸಿ. ಫ್ರೌನ್‌ಹೋಫರ್ ಸೌರಶಕ್ತಿ ಸಂಶೋಧನಾ ಸಂಸ್ಥೆ 1981ರಿಂದ ಇಲ್ಲೇ ಇದೆ. ನಮ್ಮ ಕಡೆಯಿಂದ ಬಂದವರು ಅದರ ಎದುರು ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ನನ್ನನ್ನು ಕೇಳಿದರೆ ನೋಡಬೇಕಾದ್ದು ಬೆಳಿಗ್ಗೆ ಏಳಕ್ಕೆ ಮನೆಗಳ ಮಾಡು ಹತ್ತುವವರನ್ನು. ಪಕ್ಕದ ಮನೆಗೆ ಪ್ಯಾನೆಲ್ ಹಾಕಲು ಬಂದವರಲ್ಲಿ ಒಬ್ಬ ಹದಿನೇಳರ ಪ್ರಾಯದವ. ಸುತ್ತ ಸ್ಕ್ಯಾಫೋಲ್ಡಿಂಗ್, ಸೊಂಟಕ್ಕೆ ಬೆಲ್ಟು. ಹಿರಿಯ ಕೆಲಸಗಾರ ಅವನಿಂದ ಒಂದೇ ಬೋಲ್ಟನ್ನು ಬಿಚ್ಚಿಸಿ ಹಾಕಿಸಿ, ಮತ್ತೆ ಬಿಚ್ಚಿಸಿದ. ಕೆಳಗೆ ಮನೆ ಯಜಮಾನ ಗಡಿಯಾರ ನೋಡುತ್ತ ನಿಂತಿದ್ದರೂ ಮೇಲಿದ್ದವರಿಗೆ ಅವಸರವೇ ಇರಲಿಲ್ಲ. ಇಲ್ಲಿ ಎಲೆಕ್ಟ್ರಿಷಿಯನ್ ಆಗಲು ಮೂರೂವರೆ ವರ್ಷ ಕಲಿಯಬೇಕು. ವಾರದಲ್ಲಿ ಒಂದೆರಡು ದಿನ ಶಾಲೆ, ಉಳಿದ ದಿನ ಕಂಪೆನಿ. ಮೊದಲ ತಿಂಗಳಿನಿಂದಲೇ ಕಂಪೆನಿ ಸಂಬಳ ಕೊಡುತ್ತದೆ. ಪರೀಕ್ಷೆ ತೆಗೆದುಕೊಳ್ಳುವ ಸಮಿತಿಯಲ್ಲಿ ಮಾಲೀಕರ ಕಡೆಯವರು, ಕೆಲಸಗಾರರ ಕಡೆಯವರು, ಮೇಷ್ಟ್ರು, ಎಲ್ಲರೂ ಕೂರುತ್ತಾರೆ.

ಹಾಗೆಂದು ಇಲ್ಲಿ ಎಲ್ಲವೂ ಸರಿ ಉಂಟು ಎಂದಲ್ಲ. 2012ರ ಆಸುಪಾಸಿನಿಂದ ಜರ್ಮನಿಯ ಪ್ಯಾನೆಲ್ ಕಾರ್ಖಾನೆಗಳು ಚೀನಾದ ಅಗ್ಗದ ಮಾಲಿನೆದುರು ಒಂದೊಂದಾಗಿ ಬಾಗಿಲು ಹಾಕಿದವು. ಉಳಿದುಕೊಂಡದ್ದು ಮಾಡಿನ ಮೇಲಿನ ಕೆಲಸ. ಅದನ್ನು ಕಂಟೇನರಿನಲ್ಲಿ ತುಂಬಿಸಿ ತರಿಸಲು ಬರುವುದಿಲ್ಲವಲ್ಲ! ಅದಕ್ಕೇ ಮಂಗಳೂರಿನ ಬೈಕಂಪಾಡಿಗೆ ಒಂದು ಪ್ಯಾನೆಲ್ ಫ್ಯಾಕ್ಟರಿ ಬರಬೇಕು ಎಂದು ಯಾರಾದರೂ ಹೇಳಿದರೆ ನನಗೆ ಅಷ್ಟೇನೂ ಉಮೇದು ಬರುವುದಿಲ್ಲ. ಉಡುಪಿ ಜಿಲ್ಲೆಯ ಎಲ್ಲೂರಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಸಾಮರ್ಥ್ಯ 1,200 ಮೆಗಾವ್ಯಾಟ್. 3 ಕಿಲೋವ್ಯಾಟಿನ ಲೆಕ್ಕದಲ್ಲಿ ಅಷ್ಟು ಕೂಡಿಸಲು 4 ಲಕ್ಷ ಮನೆ ಬೇಕು, ಅದೂ ನೆತ್ತಿಯ ಮೇಲೆ ಬಿಸಿಲಿದ್ದಾಗಿನ ಮಾತು. ಆ ಒಂದೊಂದು ಮಾಡನ್ನೂ ಯಾರಾದರೊಬ್ಬರು ಹತ್ತಲೇಬೇಕು.

ನಮ್ಮ ಮಾಡುಗಳಾದರೂ ಎಂಥವು? ಬ್ರಹ್ಮಾವರದ ಹತ್ತಿರ ನನ್ನ ಭಾವನ ಮನೆಯಲ್ಲಿ, ಕರಾವಳಿಯ ಎಷ್ಟೋ ಮನೆಗಳಂತೆ, ತಾರಸಿಯ ಮೇಲೆ ಮಳೆಗೆಂದು ಶೀಟಿನ ಮಾಡು. ಅದರ ಮೇಲೆ ಪ್ಯಾನೆಲ್. ಶೀಟಿಗೆ ತೂತು ಕೊರೆದು ಬೋಲ್ಟ್ ಹಾಕಿದವರು ರಬ್ಬರ್ ವಾಷರನ್ನು ಅಲ್ಲೊಂದು ಇಲ್ಲೊಂದು ಮರೆತಿದ್ದರು. ಉಪ್ಪುಗಾಳಿಗೆ ತೂತಿನ ಸುತ್ತ ತುಕ್ಕು ಹಿಡಿಯಿತು, ಜೂನಿನಲ್ಲಿ ಅಲ್ಲಿಂದಲೇ ನೀರು ಇಳಿದು ಕೆಳಗೆ ರಾಶಿ ಹಾಕಿದ್ದ ಅಡಿಕೆ ಒದ್ದೆಯಾಯಿತು. ರಿಪೇರಿಗೆ ಬಂದ ಹುಡುಗ ಹವಾಯಿ ಚಪ್ಪಲಿಯಲ್ಲೇ ಮೇಲೆ ಹತ್ತಿ, ಸಿಲಿಕಾನ್ ಮೆತ್ತಿ ಇಳಿದ. ನಾನು ಫೋನಿನಲ್ಲಿ ರೇಗಿದರೆ ಭಾವ, "ಅವನಿಗೆ ಬೈದು ಎಂತ ಮಾಡುವುದು ಮಾರಾಯ, ಹೋದ ತಿಂಗಳವರೆಗೆ ಅವ ಮೊಬೈಲ್ ಅಂಗಡಿಯಲ್ಲಿದ್ದ" ಎಂದರು.

ಇಂಥ ಹುಡುಗರಿಗಾಗಿ ಸರ್ಕಾರದ ಸೂರ್ಯಮಿತ್ರ ತರಬೇತಿ ಉಂಟು, 600 ಗಂಟೆಯದ್ದು. ಕೆಟ್ಟದ್ದೇನಲ್ಲ. ಆದರೆ ಸುಮಾರು ಮೂರು ತಿಂಗಳಲ್ಲಿ ಮುಗಿಯುವ ತರಬೇತಿ ನವೆಂಬರಿನಲ್ಲಿ ಶುರುವಾದರೆ ಹುಡುಗ ಒಂದು ಹನಿ ಮಳೆ ನೋಡದೆ ಪಾಸಾಗುತ್ತಾನೆ. ಸಿಡಿಲಿಗೆ ಅರ್ತಿಂಗ್ ಹೇಗಿರಬೇಕು, ಹಂಚು ಒಡೆಯದಂತೆ ಕಾಲಿಡುವುದೆಲ್ಲಿ ಎಂಬುದೆಲ್ಲ ಕ್ಲಾಸಿನಲ್ಲಿ ಬರುವ ವಿದ್ಯೆಯಲ್ಲ.

ಕೆಲಸ ಕಲಿಸುವುದು ಕರಾವಳಿಗೆ ಹೊಸತೂ ಅಲ್ಲ. ನಾನಿರುವಲ್ಲಿಂದ ರೈಲಿನಲ್ಲಿ ಒಂದು ಗಂಟೆಯೊಳಗೆ ಸಿಗುವ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಕ್ರೈಸ್ತ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿ ಸ್ಥಳೀಯರಿಗೆ ಆ ಕಸುಬು ಹಿಡಿಸಿದರು. ಅದಕ್ಕಿಂತ ನನಗೆ ದೊಡ್ಡದೆನಿಸುವುದು ನಮ್ಮವರೇ ಮಾಡಿದ್ದು. 1982ರಲ್ಲಿ ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಉಜಿರೆಯಲ್ಲಿ ರುಡ್‌ಸೆಟ್ ಎಂಬ ಸ್ವ-ಉದ್ಯೋಗ ತರಬೇತಿ ಸಂಸ್ಥೆ ಕಟ್ಟಿದರು. ಊಟ, ವಸತಿ, ಪಾಠ ಎಲ್ಲವೂ ಉಚಿತ. ತರಬೇತಿ ಕೆಲವೇ ವಾರ, ಆದರೆ ಮುಗಿದ ಮೇಲೂ ಹುಡುಗ ಏನು ಮಾಡುತ್ತಿದ್ದಾನೆಂದು ವಿಚಾರಿಸುತ್ತಾರೆ. ಇದೇ ಮಾದರಿ ನೋಡಿ ಮುಂದೆ ದೇಶದ ಜಿಲ್ಲೆ ಜಿಲ್ಲೆಗೂ ಆರ್‌ಸೆಟಿ ಎಂಬ ತರಬೇತಿ ಕೇಂದ್ರ ಬಂತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಮನೆ ಸೋಲಾರಿಗೆ ಸಾಲ ಕೊಡಿಸಲು ಹೊರಟಾಗ ಕೈಜೋಡಿಸಿದ್ದೂ ಇವೇ ಎರಡು ಬ್ಯಾಂಕುಗಳು. ರುಡ್‌ಸೆಟ್‌ನಲ್ಲಿ ಕಲಿತವ ಸ್ವಂತ ಉದ್ಯೋಗದಲ್ಲಿ ನೆಲೆ ನಿಂತರೆ ಮಾತ್ರ ಅವನಿಗೆ ಕೊಟ್ಟ ಸಾಲ ವಾಪಸು ಬರುತ್ತದೆ. ಹಾಗಾಗಿ ಬ್ಯಾಂಕಿಗೂ ಅವನ ಚಿಂತೆ ಇತ್ತು. ಆ ಚಿಂತೆ ಮೂರೂವರೆ ವರ್ಷ ಕಲಿಸುವ ಜರ್ಮನಿಯಿಂದ ಕಲಿಯಬೇಕಾದ್ದಲ್ಲ, ಉಜಿರೆಯಲ್ಲೇ ಉಂಟು.

ಜರ್ಮನಿಯಿಂದ ತರಬೇಕಾದ್ದು ಒಂದೇ, ಕಲಿಸುವ ಖರ್ಚಿನಲ್ಲಿ ಕಂಪೆನಿಗೂ ಪಾಲು. ಅದಕ್ಕೆ ಹೊಸ ಕಾನೂನೂ ಬೇಡ. 1961ರ ಅಪ್ರೆಂಟಿಸ್ ಕಾಯ್ದೆ ಇದೆ, ಸ್ಟೈಪೆಂಡಿನ ಕಾಲು ಭಾಗವನ್ನು, ತಿಂಗಳಿಗೆ 1,500 ರೂಪಾಯಿವರೆಗೆ, ಕೇಂದ್ರ ಭರಿಸುವ ಯೋಜನೆಯೂ ಇದೆ. ಆದರೂ ಮಾಲೀಕರು ಹಿಂಜರಿಯುತ್ತಾರೆ: ಕಲಿಸಿದರೆ ಹುಡುಗ ದುಬೈಗೆ ಹಾರುತ್ತಾನೆ ಎಂದು. ನಿಜ. ಈಗ ಜರ್ಮನಿಯೂ ಸಾಲಿನಲ್ಲಿ ನಿಂತಿದೆ. 2024ರ ಅಕ್ಟೋಬರಿನಲ್ಲಿ ಭಾರತದ ಕುಶಲ ಕೆಲಸಗಾರರಿಗೆ ವರ್ಷದ ವೀಸಾ ಮಿತಿಯನ್ನು 20,000ದಿಂದ 90,000ಕ್ಕೆ ಏರಿಸುವುದಾಗಿ ಹೇಳಿತು. ಕಲಿಸದೇ ಇದ್ದರೆ ಹುಡುಗ ಉಳಿಯುತ್ತಾನೆ, ಭಾವನ ಮಾಡು ಸೋರುತ್ತದೆ. ನನ್ನ ಸಲಹೆ ಇಷ್ಟೆ: ಸೋಲಾರಿಗೆ ಸಾಲ ಕೊಡುವ ಬ್ಯಾಂಕು ಕಂಪೆನಿಗೆ ಸಲ್ಲುವ ಕೊನೆಯ ಕಂತನ್ನು ಒಂದು ಮಳೆಗಾಲ ದಾಟುವವರೆಗೆ ತಡೆಹಿಡಿಯಲಿ. ಆಗ ವಾಷರ್ ಹಾಕಲು ಕಲಿಸುವುದು ಯಾರ ಜವಾಬ್ದಾರಿ ಎಂಬ ಚರ್ಚೆಯೇ ಏಳುವುದಿಲ್ಲ.

ಆರಂಭ ಮನೆಗಳಿಂದಲೇ ಆಗಬೇಕೆಂದಿಲ್ಲ. ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಬಿಲ್ಲೇ ಬಾರದ ಮನೆಯವರಿಗೆ ಪ್ಯಾನೆಲಿನ ಅವಸರ ಏಕೆ? ಆದರೆ ಮಲ್ಪೆಯ ಐಸ್ ಪ್ಲಾಂಟಿನವರಿಗೆ ಕರೆಂಟ್ ಬಿಲ್ಲೇ ದೊಡ್ಡ ಖರ್ಚು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ರಜೆ, ಐಸಿಗೆ ಗಿರಾಕಿ ಕಡಿಮೆ. ಐಟಿಐ ಮುಗಿಸಿದ ಹುಡುಗರ ಒಂದು ತಂಡ, ಕಲಿಸಲು ಒಬ್ಬ ಒಳ್ಳೆಯ ಮೇಸ್ತ್ರಿ, ಎಲ್ಲರ ಸೊಂಟಕ್ಕೂ ಬೆಲ್ಟು. ಆ ಎರಡು ತಿಂಗಳು ಅಲ್ಲಿಯ ಶೀಟುಗಳ ಮೇಲೆ, ಮಳೆ ಬಿಟ್ಟು ಬಿಟ್ಟು ಬರುವಾಗಲೇ ಕಲಿಯಲಿ. ಎಲ್ಲಿ ಸೋರುತ್ತದೆಂದು ಕೆಳಗೆ ನಿಂತವರು ಕೂಗಿ ಹೇಳುತ್ತಾರೆ.