ಉಳಿದ 140 ವ್ಯಾಟ್ ಎಲ್ಲಿ ಹೋಯಿತು?

ಕಾಲು ಕೆಜಿ ಬೆಂಡೆಕಾಯಿ ತೂಗಿ ಕೊಡಬೇಕಾದರೂ ಅಂಗಡಿಯವನ ತಕ್ಕಡಿಗೆ ಇಲಾಖೆಯ ಮುದ್ರೆ ಬೇಕು. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಹಾಗೆ ಹೇಳುತ್ತದೆ. ಆದರೆ ಗೋಡೆಯ ಕರೆಂಟನ್ನು ಕಂಪ್ಯೂಟರ್‌ಗೆ ಬೇಕಾದಂತೆ ಬದಲಿಸಿ ಕೊಡುವ ಸೋವಿ ಎಸ್‌ಎಂಪಿಎಸ್ ಡಬ್ಬದ ವ್ಯಾಟನ್ನು ತೂಗಿ ಕೊಡುವ ತಕ್ಕಡಿ ಯಾವ ಕಂಪ್ಯೂಟರ್ ಅಂಗಡಿಯಲ್ಲೂ ಕಾಣುವುದಿಲ್ಲ. ಪ್ರಿಂಟರ್‌ನಲ್ಲಿ ಇಂಕ್ ಇದ್ದಷ್ಟೂ ಸ್ಟಿಕ್ಕರ್ ಮೇಲೆ ವ್ಯಾಟ್.

ನಮಗೆ ಇದೇನು ಹೊಸದಲ್ಲ. ತೊಂಬತ್ತರ ದಶಕದ ಟೇಪ್ ರೆಕಾರ್ಡರ್‌ಗಳ ಮೇಲೆ ‘1000 ವ್ಯಾಟ್ ಪಿಎಂಪಿಓ’ ಅಂತ ಬಂಗಾರದ ಬಣ್ಣದಲ್ಲಿ ಬರೆದಿರುತ್ತಿತ್ತು, ನೆನಪಿದೆಯಾ? ಹತ್ತಿಪ್ಪತ್ತು ವ್ಯಾಟ್ ಸದ್ದು ಬಂದರೆ ಪುಣ್ಯ. ಪಿಎಂಪಿಓ ಅಳೆಯಲು ಎಲ್ಲರೂ ಒಪ್ಪಿದ ಒಂದು ವಿಧಾನವೇ ಇರಲಿಲ್ಲ. ಆ ಟೇಪ್ ರೆಕಾರ್ಡರ್‌ಗಳು ಹೋದವು. ಸ್ಟಿಕ್ಕರ್ ಬರೆಯುತ್ತಿದ್ದವರು ಮಾತ್ರ ಕಂಪ್ಯೂಟರ್ ಲೈನ್‌ಗೆ ಬಂದಂತೆ ಕಾಣುತ್ತದೆ.

ತಮಾಷೆ ಅಂದರೆ, ಈ ಸುಳ್ಳಿನ ಲೆಕ್ಕ ಅದೇ ಸ್ಟಿಕ್ಕರ್ ಮೇಲೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಯಾರೂ ಓದುವುದಿಲ್ಲ ಅಷ್ಟೆ. ಮೇಲೆ ದಪ್ಪಗೆ 450 ಅಂತಿದೆ ಅನ್ನಿ. ಕೆಳಗೆ ಕೋಷ್ಟಕ: 3.3 ವೋಲ್ಟ್‌ಗೆ 14 ಆಂಪ್, 5 ವೋಲ್ಟ್‌ಗೆ 16 ಆಂಪ್, 12 ವೋಲ್ಟ್‌ಗೆ 14 ಆಂಪ್. ವೋಲ್ಟನ್ನು ಆಂಪ್‌ನಿಂದ ಗುಣಿಸಿದರೆ ವ್ಯಾಟ್. ಹೈಸ್ಕೂಲ್ ಲೆಕ್ಕ. 46, 80, 168. ಸ್ಟ್ಯಾಂಡ್‌ಬೈ, ಮೈನಸ್ 12 ಅಂತ ಉಳಿದ ಚಿಲ್ಲರೆಯನ್ನೆಲ್ಲ ಗುಡಿಸಿ ಸೇರಿಸಿದರೂ 310ಕ್ಕೆ ನಿಲ್ಲುತ್ತದೆ. ಅದೂ ಎಲ್ಲ ಲೈನ್‌ಗಳೂ ಒಟ್ಟಿಗೆ ಪೂರ್ತಿ ಕರೆಂಟ್ ಕೊಟ್ಟರೆ ಮಾತ್ರ. ಕೊಡುವುದಿಲ್ಲ. ಉಳಿದ 140 ವ್ಯಾಟ್ ಬಹುಶಃ ಬಣ್ಣದಲ್ಲಿದೆ.

ಇವತ್ತಿನ ಕಂಪ್ಯೂಟರ್‌ನಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಮುಖ್ಯವಾಗಿ ತಿನ್ನುವುದು 12 ವೋಲ್ಟ್ ಲೈನನ್ನೇ. ಹಾಗಾಗಿ ನಿಜವಾದ ರೇಟಿಂಗ್ ನೋಡಬೇಕಾದ್ದು ಅಲ್ಲಿ. ನಮ್ಮ 450ರ ವೀರನಿಗೆ ಅಲ್ಲಿ ಇರುವುದು 168. ಒಂದು ಆರ್‌ಟಿಎಕ್ಸ್ 3060 ಕಾರ್ಡ್ ಒಂದೇ 170 ಕೇಳುತ್ತದೆ. ಪ್ರೊಸೆಸರ್ ಉಪವಾಸ ಮಾಡಿದರೂ ಎರಡು ವ್ಯಾಟ್ ಸಾಲ!

ಹಾಗಾದರೆ ಇಷ್ಟು ವರ್ಷ ಇವು ಓಡಿದ್ದು ಹೇಗೆ? ಸುಲಭ. ಟ್ಯಾಲಿ ಓಡಿಸುವ, ಪಹಣಿ ಪ್ರಿಂಟ್ ಹಾಕುವ ಕಂಪ್ಯೂಟರ್‌ಗೆ ನೂರು ವ್ಯಾಟ್ ಕೂಡ ಬೇಡ. ಕೇಳದೇ ಇದ್ದವರ ಮುಂದೆ ಎಷ್ಟು ಬೇಕಾದರೂ ಕೊಡ್ತೀನಿ ಅನ್ನಬಹುದು, ಅಲ್ವಾ? ಮಗ ಒಂದು ದಿನ ಗೇಮ್ ಆಡಲು ಕಾರ್ಡ್ ಹಾಕಿಸುತ್ತಾನೆ. ‘ಟಪ್’ ಅನ್ನುತ್ತದೆ. ಮನೆಯವರೆಲ್ಲ ಸೇರಿ ಕರೆಂಟಿನವರಿಗೆ ಬೈಯುತ್ತಾರೆ.

ಸ್ವಲ್ಪ ತಿಳಿದವರು ಡಬ್ಬವನ್ನು ಕೈಯಲ್ಲಿ ಎತ್ತಿ ನೋಡುತ್ತಾರೆ. ಭಾರ ಇದ್ದರೆ ಒಳ್ಳೇ ಮಾಲು. ತಯಾರಿಸುವವರಿಗೂ ಈ ಶಾಸ್ತ್ರ ಗೊತ್ತಾಗಿದೆ. ಬಿಚ್ಚಿ ನೋಡಿದ ರಿಪೇರಿಯವರಿಗೆ ಒಳಗೆ ಬರೀ ಕಬ್ಬಿಣದ ತುಂಡು ಸಿಕ್ಕಿದ್ದೂ ಉಂಟು. ಯಾವ ತಂತಿಗೂ ಸೇರಿಲ್ಲ, ಯಾವ ಕೆಲಸವೂ ಇಲ್ಲ, ಸುಮ್ನೆ ತೂಕಕ್ಕೆ ಕೂತಿದೆ.

ಒಳಗಿನ ಸರ್ಕ್ಯೂಟ್ ಬೋರ್ಡ್ ನೋಡಿದರೆ ಇನ್ನೂ ಚೆಂದ. ಮುಖ್ಯ ವಿದ್ಯುತ್ ಒಳಬರುವ ಜಾಗದಲ್ಲಿ ಕರೆಂಟಿನಲ್ಲಿ ಬೆರೆತ ವಿದ್ಯುತ್ ಗದ್ದಲ ಸೋಸುವ ಕಾಯಿಲ್‌ಗೆ ತೂತು ಕೊರೆದು, ಹೆಸರೂ ಅಚ್ಚು ಹಾಕಿರುತ್ತಾರೆ. ಕಾಯಿಲ್ ಮಾತ್ರ ಇಲ್ಲ. ಅದರ ಜಾಗದಲ್ಲಿ ಒಂದು ತುಂಡು ತಂತಿ. ನಮ್ಮ ತಾಲ್ಲೂಕು ಆಸ್ಪತ್ರೆಯ ಹಾಗೆ: ಹುದ್ದೆ ಮಂಜೂರಾಗಿದೆ, ಬೋರ್ಡ್ ನೇತಾಡುತ್ತಿದೆ, ಡಾಕ್ಟರ್ ಬಂದಿಲ್ಲ. (ನೀವು ಬಿಚ್ಚಲು ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್‌ಗಳಲ್ಲಿ 300 ವೋಲ್ಟ್ ಉಳಿದಿರಬಹುದು. ಈ ಡಬ್ಬದಲ್ಲಿ ಕಡಿತವಿಲ್ಲದೆ ಸಿಗುವುದು ಅದೊಂದೇ.)

ಇನ್ನು ತಾಪಮಾನ. ಬಿಸಿ ಏರಿದಂತೆ ಡಬ್ಬ ಕೊಡಬಲ್ಲ ವ್ಯಾಟ್ ಇಳಿಯುತ್ತದೆ. ಕೆಲವು ಕಂಪನಿಗಳು 25 ಡಿಗ್ರಿ ತಂಪಿನಲ್ಲಿ ಅಳೆದು ರೇಟಿಂಗ್ ಕೊಡುತ್ತವೆ. ಒಳ್ಳೆಯವು 40 ಅಥವಾ 50ರಲ್ಲಿ ಅಳೆಯುತ್ತವೆ. ಸೋವಿಯವು ಆ ವಿಷಯವನ್ನೇ ಎತ್ತುವುದಿಲ್ಲ. ಮೇ ತಿಂಗಳ ರಾಯಚೂರಿನಲ್ಲಿ, ಧೂಳು ತುಂಬಿದ ಕ್ಯಾಬಿನೆಟ್ ಒಳಗೆ, ಆ 168 ಎಷ್ಟಾಗುತ್ತದೋ ಅದಕ್ಕೇ ಗೊತ್ತು.

‘80 ಪ್ಲಸ್’ ಪದಕ ಇದೆಯಲ್ಲ ಅನ್ನಬಹುದು. 2004ರಲ್ಲಿ ಶುರುವಾದ ಈ ಪದಕ ಹೇಳುವುದು ವ್ಯಾಟನ್ನಲ್ಲ, ದಕ್ಷತೆಯನ್ನು, ಅಂದರೆ ಗೋಡೆಯಿಂದ ಎಳೆದ ಕರೆಂಟಿನಲ್ಲಿ ಎಷ್ಟು ಪಾಲು ಕಂಪ್ಯೂಟರ್‌ಗೆ ಮುಟ್ಟುತ್ತದೆ ಅನ್ನುವುದನ್ನು. ಆದರೂ ಇದು ಪರವಾಗಿಲ್ಲ, ಯಾಕೆಂದರೆ ನಿಜವಾದ ಪದಕ ಬೇಕಿದ್ದರೆ ಬರೆದಷ್ಟೂ ವ್ಯಾಟ್ ಕೊಡುತ್ತಾ ಪೂರ್ತಿ ಲೋಡ್‌ನಲ್ಲೂ ಓಡಿ ತೋರಿಸಬೇಕು. ಸೋವಿ ಡಬ್ಬದವರು ಅದಕ್ಕೆ ದಾರಿ ಹುಡುಕಿದ್ದಾರೆ. ಪದಕದಂತೆಯೇ ಕಾಣುವ ಗುಂಡು ಚಿತ್ರ ಬರೆದು ಒಳಗೆ ‘85+’ ಅಂತ ಹಾಕಿಬಿಡುತ್ತಾರೆ. ಐದು ಜಾಸ್ತಿಯೇ ಇರಲಿ ಅಂತ.

ಇಷ್ಟೆಲ್ಲ ಲೆಕ್ಕ ಹಾಕಿಕೊಂಡು ಬೆಂಗಳೂರಿನ ಎಸ್‌ಪಿ ರೋಡ್‌ನ ಯಾವುದಾದರೂ ಕೌಂಟರ್ ಮುಂದೆ ನಿಂತು ಜಗಳ ತೆಗೆಯಿರಿ. ಉತ್ತರ ರೆಡಿ ಇರುತ್ತದೆ.

‘ಸಾರ್, 450 ಅಂದ್ರೆ ವ್ಯಾಟ್ ಅಂತ ಯಾರು ಹೇಳಿದ್ರು? ಅದು ಮಾಡೆಲ್ ನಂಬರ್.’

ನೋಡಿದರೆ ನಿಜ. 450ರ ಪಕ್ಕದಲ್ಲಿ ‘W’ ಇಲ್ಲವೇ ಇಲ್ಲ.

‘ಹಾಗಾದ್ರೆ ಈ 600?’

‘ಅದೂ ಮಾಡೆಲ್ಲೇ ಸಾರ್. ಒಳಗೆ ಎಲ್ಲಾ ಸೇಮ್. ಆದ್ರೆ ಅದರ ಫ್ಯಾನ್‌ನಲ್ಲಿ ಲೈಟ್ ಬರುತ್ತೆ.’