1803ರಲ್ಲಿ ದಿಲ್ಲಿ ಯಾರ ಕೈಯಲ್ಲಿತ್ತು?

‘ಬ್ರಿಟಿಷರು ದಿಲ್ಲಿಯನ್ನು ಮೊಘಲರಿಂದ ಗೆದ್ದರು’ ಅನ್ನೋ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. 1761ರಲ್ಲಿ ಪಾಣಿಪತ್‌ನಲ್ಲಿ ಮರಾಠರು ಸೋತದ್ದು ನಿಜ. ಆದರೆ ಹತ್ತೇ ವರ್ಷಕ್ಕೆ ದಿಲ್ಲಿ ಮತ್ತೆ ಅವರದಾಯಿತು. ಅಲಹಾಬಾದಿನಲ್ಲಿದ್ದ ಮೊಘಲ್ ಬಾದಶಹ ಎರಡನೇ ಷಾ ಆಲಂ 1772ರ ಜನವರಿಯಲ್ಲಿ ದಿಲ್ಲಿಗೆ ಮರಳಿದ್ದು ಮರಾಠಾ ಸರದಾರ ಮಹಾದಜಿ ಶಿಂಧೆಯ ಬೆಂಬಲದಿಂದ. 1788ರಲ್ಲಿ ರೋಹಿಲ್ಲಾ ಅಫ್ಘನ್ ಸರದಾರ ಗುಲಾಂ ಖಾದಿರ್ ಈ ಬಾದಶಹನ ಕಣ್ಣು ಕಿತ್ತ. ಆ ಕ್ರೂರಿಯನ್ನು ಓಡಿಸಿದ್ದೂ ಶಿಂಧೆಯ ಸೈನ್ಯವೇ. ಇಷ್ಟೆಲ್ಲಾ ಮಾಡಿದ ಮಹಾದಜಿಯ ಹೆಸರೇ ಸಂದೇಶದಲ್ಲಿ ಇಲ್ಲದ್ದು ನನಗೆ ತುಂಬಾ ಬೇಸರ.

1803ರ ಸೆಪ್ಟೆಂಬರ್ 11ರಂದು ಯಮುನೆಯ ಆಚೆ, ಪಟ್ಪರ್‌ಗಂಜ್ ಬಳಿ ಬ್ರಿಟಿಷರ ಜನರಲ್ ಲೇಕ್ ಸೋಲಿಸಿದ್ದು ಮಹಾದಜಿಯ ಉತ್ತರಾಧಿಕಾರಿ ದೌಲತ್‌ರಾವ್ ಶಿಂಧೆಯ ಪಡೆಯನ್ನು. ಮೊಘಲರ ಪಡೆ ಅಲ್ಲಿ ಇರಲೇ ಇಲ್ಲ. ಕೆಂಪುಕೋಟೆಯೊಳಗೆ ಲೇಕ್‌ಗೆ ಸಿಕ್ಕವನು ಹರಿದ ಮೇಲ್ಕಟ್ಟಿನ ಕೆಳಗೆ ಕೂತಿದ್ದ ಕುರುಡು ಮುದುಕ, ಷಾ ಆಲಂ.